ಬಿಳಿ ಅಜ್ಜಿಗೆ ಬೈಹುಲ್ಲು

ಮಳೆ ಬಂದ ಬೆಳಿಗ್ಗೆ ನಾನು ಹುಲ್ಲಿನ ಶೆಡ್ಡಿನ ತಗಡಿನ ಮಾಡಿನ ಕೆಳಗೆ ನಿಂತು ಎರಡೂ ಕೈ ಹೊರಗೆ ಚಾಚಿದ್ದೆ. ಎಪ್ಪತ್ತರ ಹತ್ತಿರ ಬಂದ ಮನುಷ್ಯ. ಕರಾವಳಿಯಲ್ಲಿ ಹುಟ್ಟಿ ಬೆಳೆದವನಿಗೆ ಮಳೆ ಹೊಸತಲ್ಲ, ಆದರೆ ಕತಾರಿನಲ್ಲಿ ವರ್ಷಕ್ಕೆ ಒಂದೆರಡು ಸಲ ನಿಜವಾಗಿ ಸುರಿಯುವ ಆ ಮಳೆ ಬೇರೆಯೇ. ಮರಳು ಮೊದಲು ಅದನ್ನು ನಂಬುವುದಿಲ್ಲ, ಹನಿಗಳನ್ನು ಉಂಡೆ ಮಾಡಿ ಮೇಲೆಯೇ ಇಟ್ಟುಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ಬಾಯಿ ತೆರೆಯುತ್ತದೆ. ಆಗ ಏಳುವ ವಾಸನೆಗೆ ನನ್ನ ಎದೆ ಡಬ ಡಬ ಹೊಡೆದುಕೊಳ್ಳುತ್ತಿತ್ತು.

ನೀರಿನ ಟ್ಯಾಂಕರ್ ಓಡಿಸುವವನು ಕೆಸರಿನಲ್ಲಿ ಕಾಲೆಳೆದುಕೊಂಡು ಬಂದ. ಉಪ್ಪಿನಂಗಡಿ ಕಡೆಯ ಬ್ಯಾರಿ, ನನಗಿಂತ ತುಂಬ ಚಿಕ್ಕವನು. ಕೆಲಸಗಾರರ ವಸತಿಯಾದ ಬರ್ವಾ ಅಲ್ ಬರಾಹಾದಲ್ಲಿ ಅವನ ಕೋಣೆ, ಬೆಳಿಗ್ಗೆ ಬಂದು ಸಂಜೆ ಹೋಗುವವನು. ನಮ್ಮಿಬ್ಬರದ್ದು ತುಳುವಿನಲ್ಲೇ ಮಾತು.

"ಎಂತ ಅಣ್ಣ, ಮದುಮಗನ ಹಾಗೆ ನಗ್ತಾ ನಿಂತಿದ್ದೀರಿ?"

"ಮಳೆ ಮಾರಾಯ."

"ಅದು ಗೊತ್ತಾಯ್ತು. ನನ್ನ ಟ್ಯಾಂಕರಿನ ಟಯರು ಹೂತು ಹೋಗಿದೆ. ಊರಲ್ಲಾದ್ರೆ ಈ ಮಳೆಗೆ ನೀವು ಕೊಡೆ ಸಹ ಬಿಡಿಸ್ತಿರಲಿಲ್ಲ."

ಅವನು ಹೇಳಿದ್ದು ಸರಿ. ಆದರೆ ನನ್ನ ತಲೆಯಲ್ಲಿ ಆಗಲೇ ಹಸಿರು ಮೊಳೆಯಲು ಶುರುವಾಗಿತ್ತು. ಆ ಹಸಿರೇ ನನ್ನನ್ನು ಹಾಳು ಮಾಡಿದ್ದು.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಗಲ್ಫಿಗೆ ಬಂದವನು. ಒಬ್ಬ ಕತಾರಿ ಯಜಮಾನರ ಅಂಗಡಿಗಳಿಗೆ ಸ್ಟೋರ್ ಕೀಪರ್ ಆಗಿ ತಲೆ ಹಣ್ಣಾಯಿತು. ಯಜಮಾನರು ತೀರಿಕೊಂಡ ಮೇಲೆ ಅವರ ಹೆಂಡತಿ ನನ್ನನ್ನು ಊರಿಗೆ ಕಳಿಸಲಿಲ್ಲ. ನಾವೆಲ್ಲ ಅವರನ್ನು ಮಾಮಾ, ಅಂದರೆ ಅಮ್ಮ, ಎನ್ನುತ್ತೇವೆ. "ನೀನು ಮಝ್ರಾಕ್ಕೆ ಹೋಗು, ಅಲ್ಲಿ ಬೀಗದ ಕೈ ಹಿಡಿಯುವವರು ಬೇಕು" ಎಂದರು. ಮಝ್ರಾ ಎಂದರೆ ಅವರ ತೋಟ, ದುಖಾನ್ ರಸ್ತೆಯಿಂದ ಒಳಗೆ. ಒಂದಷ್ಟು ಖರ್ಜೂರದ ಮರ, ಒಂದು ಬಾವಿ, ಬೇಲಿ ಹಾಕಿದ ದೊಡ್ಡ ಬಯಲು, ಬಯಲಿನಲ್ಲಿ ನಾಲ್ಕು ಪೋನಿ ಕುದುರೆಗಳು. ಮೊಮ್ಮಕ್ಕಳ ಸವಾರಿಗೆ ತಂದದ್ದು. ಮೊಮ್ಮಕ್ಕಳ ಕಾಲು ನೆಲ ಮುಟ್ಟುವಷ್ಟು ಉದ್ದವಾಗಿ ಅವರು ಕಾರು ಹತ್ತಿದರು, ಕುದುರೆಗಳು ಉಳಿದವು. ಎರಡು ಕಪ್ಪು, ಒಂದು ಕಂದು, ಒಂದು ಬಿಳಿ. ಬಿಳಿಯದ್ದು ಎಲ್ಲಕ್ಕಿಂತ ಮುದುಕಿ. ಮಾಮಾ ಅದನ್ನು ಅಜೂಜ್ ಎಂದು ಕರೆಯುತ್ತಿದ್ದರು, ಮುದುಕಿ ಎಂದೇ ಅರ್ಥ. ನಾವು ಬಿಳಿ ಅಜ್ಜಿ ಎನ್ನುತ್ತಿದ್ದೆವು.

ಬೇಸಗೆಯಲ್ಲಿ ಅವಕ್ಕೆ ಫ್ಯಾನು ಹಾಕಿದ ನೆರಳಿನ ಕೊಟ್ಟಿಗೆ. ಚಳಿಗಾಲದಲ್ಲಿ ಮಾತ್ರ ಹಗಲೂ ರಾತ್ರಿ ಬಯಲಿನಲ್ಲೇ ಬಿಡುವುದು ಮಾಮಾ ಹಾಕಿದ ಕ್ರಮ. ಉತ್ತರದ ಗಾಳಿ ತಡೆಯಲು ಒಂದು ಗೋಡೆ ಉಂಟು, ಅಷ್ಟೇ. ಆ ವರ್ಷ ಅವರ ದೊಡ್ಡ ಮಗ ಬಂದು, ಮುದುಕಿ ಈ ಚಳಿ ತಡೆಯುವುದಿಲ್ಲ, ಊರೊಳಗಿನ ಒಂದು ಲಾಯಕ್ಕೆ ಸಾಗಿಸೋಣ ಎಂದ. ತಾಯಿಗೂ ಮಗನಿಗೂ ಅಂಗಳದಲ್ಲೇ ಮಾತಾಯಿತು. ಕೊನೆಗೆ ಮಾಮಾ ಹೇಳಿದ್ದನ್ನು ನನಗೂ ಅವರ ಹಿಂದಿಯಲ್ಲಿ ತಿರುಗಿ ಹೇಳಿದರು: ಚಳಿಯಲ್ಲಿ ಮೈ ಇಳಿಯದಿದ್ದರೆ ಅಜೂಜ್ ಇಲ್ಲೇ ಇರುತ್ತಾಳೆ. ಇಳಿದರೆ ಮಗ ಗಾಡಿ ತಂದು ಕರೆದುಕೊಂಡು ಹೋಗಲಿ.

ಒಬ್ಬಳೇ ಹೋಗಬೇಕು. ಹಿಂದೊಮ್ಮೆ ಹಲ್ಲಿನ ಚಿಕಿತ್ಸೆಗೆ ಅವಳನ್ನು ಒಂದು ಹಗಲು ಕರೆದೊಯ್ದಾಗ ಕಂದು ಕುದುರೆ ಗೇಟಿನ ಹತ್ತಿರ ನಿಂತು ಸಂಜೆಯವರೆಗೆ ಕೂಗಿದ್ದು ನಾನು ಕೇಳಿದ್ದೇನೆ. ಗಂಟಲು ಒಡೆದರೂ ಬಿಡಲಿಲ್ಲ. ಹುಲ್ಲಿಗೆ ಬಾಯಿ ಹಾಕಲಿಲ್ಲ.

ಬಿಳಿ ಅಜ್ಜಿ ಇಲ್ಲಿ ಉಳಿಯುವುದೋ ಹೋಗುವುದೋ ಅನ್ನುವುದು ಹುಲ್ಲಿನ ಮೇಲೆ ನಿಂತಿತ್ತು. ಹುಲ್ಲಿನ ಶೆಡ್ಡಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಯಾವಾಗ ಕೊಡುವುದು, ಯಾವಾಗ ನಿಲ್ಲಿಸುವುದು ಎಲ್ಲ ನಾನೇ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಆ ಕುದುರೆಗಳನ್ನು ನಾನು ಒಂದು ದಿನವೂ ಮುಟ್ಟಿರಲಿಲ್ಲ.

ಹೆದರಿಕೆ. ಅದಕ್ಕೆ ಕಾರಣವಾಗಿ ಹೇಳಲು ನನ್ನಲ್ಲಿ ಕಥೆಯೇನೂ ಇಲ್ಲ. ಯಾವ ಎಮ್ಮೆಯೂ ಅಟ್ಟಿಸಿಕೊಂಡು ಬಂದಿಲ್ಲ, ಯಾವ ನಾಯಿಯೂ ಕಚ್ಚಿಲ್ಲ. ಬಿಸಿ ಉಸಿರು ಬಿಡುವ ಪ್ರಾಣಿ ಹತ್ತಿರ ಬಂದರೆ ನನ್ನ ಕಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ, ಅಷ್ಟೇ. ಹುಲ್ಲನ್ನು ಬೇಲಿಯ ಈಚೆಯಿಂದ ಎಸೆಯುತ್ತಿದ್ದೆ. ಗೊರಸು ಕತ್ತರಿಸುವವನು ಆಗಾಗ ಬರುತ್ತಿದ್ದ, ತಾನೇ ಹಿಡಿದು ತಾನೇ ಕೆಲಸ ಮುಗಿಸಿ ಹೋಗುತ್ತಿದ್ದ. ನಾನು ದೂರದಲ್ಲಿ ಕೈಕಟ್ಟಿ ಮೇಸ್ತ್ರಿಯ ಹಾಗೆ ನಿಂತಿರುತ್ತಿದ್ದೆ.

ಮಾಮಾ ಪ್ರತಿ ಸಂಜೆ ಫೋನ್ ಮಾಡುತ್ತಿದ್ದರು. ಅವರದ್ದು ಅರಬ್ಬಿ ಬೆರೆಸಿದ ಹಿಂದಿ. ಪ್ರಶ್ನೆ ದಿನವೂ ಒಂದೇ.

"ಹಾತ್ ಡಾಲಾ?"

ಕೈ ಹಾಕಿದೆಯಾ ಎಂದು. ಚಳಿಗೆ ಈ ಕುದುರೆಗಳ ಮೈಮೇಲೆ ಕರಡಿಯ ಹಾಗೆ ಕೂದಲು ಬರುತ್ತದೆ. ಆ ಕೂದಲಿನೊಳಗೆ ಕೈ ಹಾಕಿ ಪಕ್ಕೆಲುಬು ಸಿಗುತ್ತದೋ ನೋಡಬೇಕು, ಕಣ್ಣನ್ನು ನಂಬಬೇಡ ಎಂದು ಅವರು ಚಳಿ ಶುರುವಾಗುವಾಗಲೇ ನನಗೆ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ.

"ಡಾಲಾ ಮಾಮಾ, ಡಾಲಾ" ಎನ್ನುತ್ತಿದ್ದೆ.

ಇದನ್ನು ಸುಳ್ಳು ಎಂದು ನನಗೆ ನಾನೇ ಹೇಳಿಕೊಳ್ಳದ ಹಾಗೆ ಒಂದು ಉಪಾಯ ಮಾಡಿಕೊಂಡಿದ್ದೆ. ನಮ್ಮ ಭಾಷೆಯಲ್ಲಿ ಕೈ ಹಾಕುವುದು ಎಂದರೆ ಕೆಲಸಕ್ಕೆ ಇಳಿಯುವುದೂ ಹೌದಲ್ಲ. ಅವನು ವ್ಯಾಪಾರಕ್ಕೆ ಕೈ ಹಾಕಿದ, ಇವನು ಮನೆ ಕಟ್ಟಲಿಕ್ಕೆ ಕೈ ಹಾಕಿದ ಅನ್ನುತ್ತೇವೆ. ಹಾಗಾದರೆ ನಾನೂ ಕುದುರೆ ಸಾಕಲಿಕ್ಕೆ ಕೈ ಹಾಕಿದವನೇ. ಅವರು ಹಿಂದಿಯಲ್ಲಿ ಕೇಳುತ್ತಿದ್ದರು, ನಾನು ಕನ್ನಡದ ಅರ್ಥದಲ್ಲಿ ಉತ್ತರ ಕೊಡುತ್ತಿದ್ದೆ. ಇಂಥ ಲೆಕ್ಕಾಚಾರ ಮಾಡುವ ಬುದ್ಧಿ ನನಗೆ ಎಲ್ಲಿಂದ ಬಂತೋ, ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಮಳೆ ಬಂದು ಒಂದಷ್ಟು ದಿನಕ್ಕೆ ಬಯಲಿನ ತಗ್ಗು ಹಸಿರಾಯಿತು.

ಆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದು ನೋಡಿದೆ, ಬೇಲಿಯಿಂದ ಗೋಡೆಯವರೆಗೆ ಹಸಿರು ಹಾಸಿದ ಹಾಗೆ. ನಾಲ್ಕೂ ಕುದುರೆಗಳು ತಲೆ ಬಗ್ಗಿಸಿ ನಿಂತಿದ್ದವು. ಟ್ಯಾಂಕರಿನವನನ್ನು ಕೂಗಿ ಕರೆದೆ. ಫೋಟೋ ತೆಗೆದೆ, ಹೆಂಡತಿಗೆ ಕಳಿಸಿದೆ, ಮಗಳಿಗೆ ಕಳಿಸಿದೆ, ಊರಿನ ಭಾವನಿಗೆ ಕಳಿಸಿದೆ. ಭಾವ ಕೂಡಲೇ ಉತ್ತರಿಸಿದ: ಇದು ಕತಾರಾ, ನಮ್ಮ ಬಾಕಿಮಾರು ಗದ್ದೆಯಾ? ಮನೆಯೆದುರಿನ ಆ ದೊಡ್ಡ ಗದ್ದೆಗೆ ಹೋಲಿಸಿದ ಮಾತಿಗೆ ನಾನು ಇಡೀ ದಿನ ನೆಲದ ಮೇಲಿರಲಿಲ್ಲ.

ಆ ದಿನವೇ ಒಣಹುಲ್ಲು ನಿಲ್ಲಿಸಿದೆ.

ಇಲ್ಲಿ ಒಂದು ಶಬ್ದದ ಪಾಪವೂ ಉಂಟು. ಶೆಡ್ಡಿನಲ್ಲಿದ್ದದ್ದು ಕುದುರೆಗೆಂದೇ ಬೆಳೆದು, ಹೂ ಬಿಡುವ ಮೊದಲು ಕೊಯ್ದು, ಒಣಗಿಸಿ ಕಟ್ಟಿದ ಒಳ್ಳೆಯ ಹುಲ್ಲು. ನಾನು ಬಂದ ಮೊದಲ ದಿನದಿಂದ ಅದನ್ನು ಬೈಹುಲ್ಲು ಎಂದು ಕರೆದೆ. ನಮ್ಮ ಕಡೆ ಬೈಹುಲ್ಲು ಎಂದರೆ ಭತ್ತ ಬಡಿದಾದ ಮೇಲೆ ಉಳಿಯುವ ಕಡ್ಡಿ. ಹಸಿಹುಲ್ಲು ಸಿಗದ ದಿನಗಳಲ್ಲಿ ದನದ ಹೊಟ್ಟೆ ತುಂಬಿಸಲು ಹಾಕುವುದು. ಹಸಿರು ಬಂತೆಂದರೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬಾಯಲ್ಲಿ ಬೈಹುಲ್ಲು ಅಂದದ್ದೇ ಸಾಕಾಯಿತು, ಮನಸ್ಸಿನಲ್ಲಿ ಅದರ ಬೆಲೆ ಇಳಿದುಹೋಯಿತು. ಇಷ್ಟು ಹಸಿರು ಇರುವಾಗ ಕಡ್ಡಿ ಯಾಕೆ ಎಂದುಕೊಂಡೆ. ಬೇರೆ ಊರಿನ ಯಾರಾದರೂ ಆ ಜಾಗದಲ್ಲಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲವೇನೋ. ಅದಕ್ಕೆ ನಮ್ಮ ಕರಾವಳಿಯ ನಾಲಿಗೆಯೇ ಬೇಕು.

ವಾರದ ಕೊನೆಗೆ ಪೇಟೆಯ ಬಿನ್ ಒಮ್ರಾನಿನ ಫ್ಲ್ಯಾಟಿಗೆ ಹೋದೆ. ಅಲ್ಲಿ ಮಗಳು ಅಳಿಯನ ಜೊತೆ ನನ್ನ ಹೆಂಡತಿ ಇರುತ್ತಾಳೆ. ಅವಳದ್ದು ದನ ಕಟ್ಟುವ ಮನೆಯಲ್ಲಿ ಹುಟ್ಟು. ಊಟಕ್ಕೆ ಕುಳಿತಾಗ ಫೋನಿನಲ್ಲಿ ಹಸಿರು ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದಳು.

"ಚಂದ ಉಂಟು. ಮೇಲಿಂದ ತೆಗೆದದ್ದು ಇಲ್ವಾ?"

"ಮೇಲಿಂದ ಯಾಕೆ?"

"ಓರೆಯಿಂದ ನೋಡಿದ್ರೆ ನಿಮ್ಮ ತಲೆಯಲ್ಲೂ ಕೂದಲು ಉಂಟು."

ಮಗಳು ನೀರು ನೆತ್ತಿಗೇರಿಸಿಕೊಂಡಳು. ಹೆಂಡತಿ ನಗಲಿಲ್ಲ. "ಬೈಹುಲ್ಲು ಹಾಕ್ತಾ ಇದ್ದೀರಲ್ಲ?" ಎಂದಳು.

"ಹಸಿರು ಬಂದ ಮೇಲೆ ಎಂತಕ್ಕೆ?"

"ಅದೂ ಹೌದು" ಎಂದಳು. ಅವಳಿಗೂ ಬೈಹುಲ್ಲು ಎಂದರೆ ಬೈಹುಲ್ಲೇ. "ಆ ಮುದುಕಿಯ ಮೈ ಹೇಗುಂಟು? ಮುಟ್ಟಿ ನೋಡಿದ್ರಾ?"

"ದಿನಾ ನೋಡ್ತೇನೆ."

ಅವಳು ನನ್ನ ಎಡಗೈ ಹಿಡಿದೆಳೆದು ಮೂಗಿನ ಹತ್ತಿರ ತಂದು ಮೂಸಿದಳು. ಮೊಮ್ಮಗಳು, "ಅಜ್ಜಿ, ವಾಟ್ ಆರ್ ಯೂ ಡೂಯಿಂಗ್?" ಎಂದು ಕಣ್ಣರಳಿಸಿದಳು.

"ನಿಮ್ಮ ಅಜ್ಜನ ಕೈಯಲ್ಲಿ ಲಕ್ಸ್ ಸೋಪಿನ ವಾಸನೆ ಬರ್ತದೆ ಮಗಾ" ಎಂದಳು. "ಪ್ರಾಣಿ ಮುಟ್ಟುವವರ ಕೈ ಎಷ್ಟು ತೊಳೆದರೂ ಹೀಗೆ ಇರುವುದಿಲ್ಲ. ನಮ್ಮ ಅಪ್ಪನ ಕೈ ಸಾಯುವವರೆಗೂ ಹಟ್ಟಿಯ ವಾಸನೆ ಬರ್ತಿತ್ತು."

ಮೀನಿನ ಸಾರು ಇನ್ನಷ್ಟು ಬಡಿಸಿ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಅವಳು ಜಗಳ ಮಾಡಿದ್ದರೆ ನಾನು ಎದುರುತ್ತರ ಕೊಟ್ಟು ಸುಳ್ಳನ್ನು ಇನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅವಳು ಬಿಟ್ಟದ್ದರಿಂದ ಅದು ಗಂಟಲಲ್ಲೇ ನಿಂತಿತು, ಮುಳ್ಳಿನ ಹಾಗೆ.

ಆದರೂ ನಾನು ತೋಟಕ್ಕೆ ಹಿಂದಿರುಗಿ ಹುಲ್ಲು ಕೊಡಲಿಲ್ಲ. ಯಾಕೆಂದರೆ ಕಣ್ಣೆದುರಿಗೆ ಬಿಳಿ ಅಜ್ಜಿ ದಿನದಿನಕ್ಕೆ ದುಂಡಗಾಗುತ್ತಿದ್ದಳು. ಉತ್ತರದ ಗಾಳಿ ಜೋರಾಗಿತ್ತು. ಅವಳ ಕೂದಲು ನೆಟ್ಟಗೆ ನಿಂತು, ಹತ್ತಿ ತುಂಬಿದ ತಲೆದಿಂಬಿನ ಹಾಗೆ ಕಾಣುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ತಲೆ ಎತ್ತದೆ ಮೇಯುತ್ತಿದ್ದಳು. ಹೊಟ್ಟೆ ತುಂಬದವರೇ ಹಾಗೆ ತಲೆ ಎತ್ತದೆ ತಿನ್ನುವುದು ಎಂದು ನನಗೆ ಹೊಳೆಯಲಿಲ್ಲ. ಸಂಜೆ ಫೋನ್ ಬರುತ್ತಿತ್ತು. ಹಾತ್ ಡಾಲಾ? ಡಾಲಾ ಮಾಮಾ.

ಎರಡನೆಯ ಮಳೆ ಒಂದು ಗುರುವಾರ ಮಧ್ಯಾಹ್ನ ಬಂತು.

ಮೊದಲಿನದ್ದಕ್ಕಿಂತ ಜೋರು. ಗುಡುಗಿಗೆ ಕುದುರೆಗಳು ಒಮ್ಮೆ ಬೆಚ್ಚಿ, ಆಮೇಲೆ ಅದನ್ನೇ ಆಟ ಮಾಡಿಕೊಂಡವು. ಎರಡು ಕಪ್ಪು ಕುದುರೆಗಳು ಬೇಲಿಯುದ್ದಕ್ಕೂ ಓಡಿದವು, ಕಂದು ಅವುಗಳ ಹಿಂದೆ, ಬಾಲ ಮೇಲೆತ್ತಿ, ಕೆಸರು ಹಾರಿಸಿಕೊಂಡು. ನನಗೆ ಹುಚ್ಚೇ ಹಿಡಿದ ಹಾಗಾಯಿತು. ನಾನೂ ಬೇಲಿಯ ಈಚೆ ಅವುಗಳ ಜೊತೆ ಓಡುತ್ತಾ ವಿಡಿಯೋ ಮಾಡಿದೆ. ಚಪ್ಪಲಿ ಒಂದು ಕೆಸರಲ್ಲೇ ಉಳಿಯಿತು. ಟ್ಯಾಂಕರಿನವನು ಹಿಂದಿನಿಂದ, "ಅಣ್ಣ, ಬಿದ್ದರೆ ಎತ್ತಲಿಕ್ಕೆ ಕ್ರೇನ್ ಇಲ್ಲ" ಎಂದು ಕೂಗುತ್ತಿದ್ದ. ವಿಡಿಯೋವನ್ನು ಅಲ್ಲಿಂದಲೇ ಮಾಮಾಗೆ ಕಳಿಸಿದೆ. ನೋಡಲಿ, ನನ್ನ ಕುದುರೆಗಳು ಹೇಗಿವೆ ಎಂದು.

ಮಾಮಾ ಧ್ವನಿ ಸಂದೇಶ ಕಳಿಸಿದರು. ಅವರ ಧ್ವನಿಯಲ್ಲೂ ನಗು ಇತ್ತು.

"ಮಾಶಾಅಲ್ಲಾಹ್. ಅಜೂಜ್ ವೇನ್?"

ಮುದುಕಿ ಎಲ್ಲಿ?

ವಿಡಿಯೋದಲ್ಲಿ ಅವಳಿರಲಿಲ್ಲ. ನಾನು ಗಮನಿಸಿಯೇ ಇರಲಿಲ್ಲ. ತಿರುಗಿ ನೋಡಿದೆ. ಬಿಳಿ ಅಜ್ಜಿ ಗೋಡೆಗೆ ಒತ್ತಿಕೊಂಡು ಒಬ್ಬಳೇ ನಿಂತಿದ್ದಳು. ಓಡಲು ಅವಳಿಗೆ ಆಗಿರಲಿಲ್ಲ. ಮಳೆ ಅವಳ ಕೂದಲನ್ನು ನೆನೆಸಿ ಮೈಗೆ ಅಂಟಿಸಿತ್ತು. ತಲೆದಿಂಬು ಎಲ್ಲಿಯೂ ಇರಲಿಲ್ಲ. ಹಂಚು ತೆಗೆದ ಮಾಡಿನ ರೀಪುಗಳ ಹಾಗೆ ಪಕ್ಕೆಲುಬುಗಳು ಸಾಲಾಗಿ ಕಂಡವು. ಸೊಂಟದ ಎರಡು ಮೂಳೆಗಳು ಎದ್ದು ನಿಂತು ಅವುಗಳ ನಡುವೆ ಗುಳಿ ಬಿದ್ದಿತ್ತು. ನಾನು ಇಷ್ಟು ದಿನ ಕೂದಲನ್ನು ನೋಡಿ ಖುಷಿಪಟ್ಟಿದ್ದೆ.

ಟ್ಯಾಂಕರಿನವನು ನನ್ನ ಪಕ್ಕ ಬಂದು ನಿಂತ.

"ಅಣ್ಣ, ಇದು ಎಂತ ಹೀಗೆ? ನೀವು ದಿನಾ ಕೈ ಹಾಕಿ ನೋಡ್ತಿದ್ದೀರಲ್ಲ?"

"ನಾನಾ?"

"ಮಾಮಾಗೆ ಫೋನಲ್ಲಿ ಹೇಳುವುದು ಕೇಳ್ತೇನಲ್ಲ."

"ನೀನು ನೀರು ಕೊಡುವಾಗ ಮುಟ್ಟುವುದಿಲ್ವಾ?"

"ನಾನು ಪೈಪು ದೂರದಿಂದಲೇ ತೊಟ್ಟಿಗೆ ಬಿಡುವುದು ಅಣ್ಣ. ನನಗೆ ಇವುಗಳ ಹಲ್ಲು ನೋಡಿದ್ರೇ ಆಗುವುದಿಲ್ಲ." ಮುಖದ ಮೇಲಿನ ಮಳೆನೀರು ಒರೆಸಿಕೊಂಡು ಹೇಳಿದ, "ನೀವು ಧೈರ್ಯಸ್ಥ ಅಂತ ಅಂದುಕೊಂಡಿದ್ದೆ."

ಇಬ್ಬರು ಗಂಡಸರು, ಒಬ್ಬರನ್ನೊಬ್ಬರು ನಂಬಿಕೊಂಡು, ಆ ಪ್ರಾಣಿಯನ್ನು ಮುಟ್ಟದೆ ಅರ್ಧ ಚಳಿಗಾಲ ಕಳೆದಿದ್ದೆವು. ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು.

ಶೆಡ್ಡಿನ ಬೀಗ ತೆಗೆದೆ. ಒಂದು ಕಟ್ಟು ಬಿಚ್ಚಿದೆ. ತೋಳು ತುಂಬ ಹುಲ್ಲು ಅಪ್ಪಿಕೊಂಡು ಗೇಟು ತಳ್ಳಿದೆ. "ಯಲ್ಲಾ ಅಣ್ಣ, ನಡೀರಿ, ನಾನು ಹಿಂದೆ ಇದ್ದೇನೆ" ಎಂದ ಟ್ಯಾಂಕರಿನವನು. ಹಿಂದೆ ಎಂದರೆ ಗೇಟಿನ ಹೊರಗೆ. ಆ ಬಯಲಿನಲ್ಲಿ ನಡೆದ ದೂರ ಎಷ್ಟೋ ಗೊತ್ತಿಲ್ಲ, ಉಸಿರು ಬಿಟ್ಟ ನೆನಪಿಲ್ಲ. ಕಪ್ಪು ಕುದುರೆಯೊಂದು ನನ್ನತ್ತ ತಿರುಗಿದಾಗ ಎಲ್ಲ ಅಲ್ಲೇ ಬಿಟ್ಟು ಓಡಬೇಕು ಅನಿಸಿತು. ಅರ್ಧ ಹುಲ್ಲು ಅಲ್ಲಿ ಚೆಲ್ಲಿದೆ, ಅದು ಅಲ್ಲಿ ನಿಂತಿತು. ಉಳಿದದ್ದನ್ನು ಗೋಡೆಯ ಬುಡಕ್ಕೆ ಒಯ್ದು ಬಿಳಿ ಅಜ್ಜಿಯ ಮುಂದೆ ಹಾಕಿದೆ.

ಅವಳು ನನ್ನನ್ನು ನೋಡಲಿಲ್ಲ. ಹುಲ್ಲಿಗೆ ಬಿದ್ದಳು.

ಆಗ ಕೈ ಹಾಕಿದೆ. ಒದ್ದೆ ಕೂದಲಿನೊಳಗೆ ಬೆರಳು ಇಳಿಯಿತು. ಮೇಲೆ ತಣ್ಣಗೆ, ಒಳಗೆ ಬಿಸಿ. ಅಷ್ಟು ಬಿಸಿ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಿಸಿಯ ಕೆಳಗೆ ಮೂಳೆ, ಮೂಳೆಯ ಪಕ್ಕ ಇನ್ನೊಂದು ಮೂಳೆ, ನಡುವೆ ಬೆರಳು ಕೂರುವಷ್ಟು ಗುಂಡಿ. ಅವಳ ಹೊಟ್ಟೆಯೊಳಗಿನ ಗುಡುಗುಡು ಶಬ್ದ ನನ್ನ ಅಂಗೈಗೆ ತಾಗುತ್ತಿತ್ತು. ಹೇಳಬಾರದು, ಆದರೂ ಹೇಳುತ್ತೇನೆ, ಅಷ್ಟೊಂದು ತಪ್ಪು ಮಾಡಿ ನಿಂತಿದ್ದ ಆ ಕ್ಷಣ ನನಗೆ ಭಾರೀ ಸಂತೋಷವಾಯಿತು. ಮುಟ್ಟಿದೆ, ಸಾಯಲಿಲ್ಲ. ಕಣ್ಣಲ್ಲಿ ನೀರು ಬಂತು, ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಅಜೂಜ್ ವೇನ್?" ಮಾಮಾ ಮತ್ತೆ ಕೇಳಿದರು. ಆಮೇಲೆ, "ಹಾತ್ ಡಾಲಾ?"

ಆ ಕಡೆ ಅವರ ಮಗ ಹತ್ತಿರದಲ್ಲೇ ಕುಳಿತಿದ್ದ, ಅವನ ಧ್ವನಿ ಕೇಳಿಸುತ್ತಿತ್ತು. ಈಗ ಡಾಲಾ ಎಂದರೆ ಮೊದಲ ಸಲ ಅದು ಸತ್ಯ. ಅಷ್ಟು ಹೇಳಿ ಫೋನಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಂದಿನಿಂದ ಹುಲ್ಲು ಸುರಿದು ಹೇಗೋ ಮುಚ್ಚಿಹಾಕಬಹುದಿತ್ತು. ನನ್ನ ಕೈ ಇನ್ನೂ ಆ ಪಕ್ಕೆಲುಬಿನ ಮೇಲೆಯೇ ಇತ್ತು.

"ಆಜ್ ಡಾಲಾ ಮಾಮಾ" ಎಂದೆ. "ಇಸ್ಕೇ ಪಹಲೇ ಕಭೀ ನಹೀ ಡಾಲಾ." ಇವತ್ತು ಹಾಕಿದೆ, ಇದಕ್ಕೆ ಮುಂಚೆ ಯಾವತ್ತೂ ಹಾಕಿರಲಿಲ್ಲ. "ಮುಝೇ ಡರ್ ಹೈ" ಎಂದೂ ಹೇಳಿದೆ.

ಆ ಕಡೆಯಿಂದ ಒಂದೇ ಶಬ್ದ.

"ಹಡ್ಡಿ?"

"ಹೈ ಮಾಮಾ. ಸಬ್ ಹೈ."

ಮೂಳೆ ಸಿಗುತ್ತದಾ ಎಂದರೆ ಎಲ್ಲವೂ ಸಿಗುತ್ತದೆ ಎಂದೆ. ಫೋನು ಕಟ್ಟಾಯಿತು.

ಮರುದಿನ ಬೆಳಿಗ್ಗೆಯೇ ಅವರು ಬಂದರು. ಶುಕ್ರವಾರ ರಜೆಯಾದರೂ ನಾನು ಮನೆಗೆ ಹೋಗದೆ ಉಳಿದಿದ್ದೆ. ಊರುಗೋಲು ಊರಿಕೊಂಡು, ಕಪ್ಪು ಬಟ್ಟೆಯ ಅಂಚು ಕೆಸರಲ್ಲಿ ಎಳೆಯುತ್ತಾ ನೇರವಾಗಿ ಬಿಳಿ ಅಜ್ಜಿಯ ಹತ್ತಿರ ನಡೆದರು. ಕೈ ಹಾಕಿ ಕುತ್ತಿಗೆಯಿಂದ ಸೊಂಟದವರೆಗೆ ತಡವಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೈಯಲಿಲ್ಲ. ಊರುಗೋಲಿನ ತುದಿಯಿಂದ ನೆಲ ತೋರಿಸಿದರು. ಶೆಡ್ಡಿನ ಬಾಗಿಲಿನಿಂದ ನಾನು ಕಂಡಿದ್ದ ಹಸಿರು ಹಾಸು ಕಾಲಬುಡದಲ್ಲಿ ಇರಲೇ ಇಲ್ಲ. ಇದ್ದದ್ದು ಬೆರಳುಗುರಿನಷ್ಟು ಎತ್ತರದ ಮೊಳಕೆಗಳು, ಅಲ್ಲೊಂದು ಇಲ್ಲೊಂದು, ನಡುವೆಲ್ಲ ಮರಳು. ಮಾಮಾ ಬಗ್ಗಿ ಒಂದು ಮೊಳಕೆ ಎಳೆದರು. ಬೇರು ಸಮೇತ ಬಂತು, ಬೇರಿನ ಜೊತೆ ಒಂದು ಚಿಟಿಕೆ ಮರಳೂ ಬಂತು. ಅದನ್ನು ನನ್ನ ಅಂಗೈ ಮೇಲೆ ಉದುರಿಸಿದರು.

"ಯೇ ಖಾತಾ" ಎಂದರು. ಇದನ್ನೇ ಅವಳು ತಿಂದದ್ದು.

ಆಮೇಲೆ ಅವರು ಹೇಳಿದ್ದನ್ನು ನಾನು ಇಂದಿಗೂ ದಿನಾ ಹೇಳಿಕೊಳ್ಳುತ್ತೇನೆ. "ಅವ್ವಲ್ ಸೂಖಾ, ಬಾದೇನ್ ಹರಾ." ಮೊದಲು ಒಣಗಿದ್ದು, ಆಮೇಲೆ ಹಸಿರು. ಹಸಿರು ಬಂದಾಗ ಒಣಹುಲ್ಲು ನಿಲ್ಲಿಸುವುದಲ್ಲ, ಹಸಿರು ಬಂದಾಗಲೇ ಅದನ್ನು ಮೊದಲು ಕೊಡಬೇಕು. ಹೊಟ್ಟೆ ತುಂಬಿದ ಕುದುರೆ ಮೊಳಕೆಯನ್ನು ತುದಿಯಲ್ಲಿ ಚಿವುಟುತ್ತದೆ, ಹಸಿದದ್ದು ಮರಳಿನ ಸಮೇತ ಕೀಳುತ್ತದೆ. ಚಳಿಗಾಳಿಯಲ್ಲಿ ಅದರ ಹೊಟ್ಟೆಯ ಒಲೆ ಉರಿಯುವುದೂ ಒಣಹುಲ್ಲಿನಿಂದಲೇ, ಮೊಳಕೆಯಲ್ಲಿ ಇರುವುದು ಬರೀ ನೀರು. ನಾನು ಹುಟ್ಟಿದಾಗಿನಿಂದ ತಿಳಿದದ್ದಕ್ಕೆ ಇದು ಪೂರಾ ತಿರುಗುಮುರುಗು.

"ಮಗ ತಿಂಗಳ ಕೊನೆಗೆ ಗಾಡಿ ತರುತ್ತಾನೆ" ಎಂದರು ಹೊರಡುವಾಗ. "ಮಾತು ಮಾತೇ. ಅಷ್ಟರೊಳಗೆ ಮೂಳೆ ಮುಚ್ಚಿದರೆ ಇರುತ್ತಾಳೆ. ನಾನು ಬೇರೆಯವರನ್ನು ಹಾಕುವುದಿಲ್ಲ. ನೀನೇ ಕೈ ಹಾಕು."

ಡಾಕ್ಟರು ಬಂದು ಮರಳು ಹೊರಹೋಗಲು ಔಷಧ ಕೊಟ್ಟು ಹೋದರು. ಹೊಟ್ಟೆನೋವು ಬರಲಿಲ್ಲ, ಅದು ಅವಳ ಪುಣ್ಯ. ಆ ದಿನಗಳಷ್ಟು ಚುರುಕಾಗಿ ನಾನು ನನ್ನ ಜೀವಮಾನದಲ್ಲಿ ಬದುಕಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಹುಲ್ಲು ಕೊಡುತ್ತಿದ್ದೆ. ನಾಲ್ಕು ಕುದುರೆಗೆ ನಾಲ್ಕು ಗುಡ್ಡೆ ಹಾಕಿದರೆ ಕಪ್ಪು ಕುದುರೆ ಬಂದು ಅಜ್ಜಿಯನ್ನು ಓಡಿಸುತ್ತಿತ್ತು, ಐದು ಹಾಕಿದೆ. ಯಾರು ಓಡಿಸಿದರೂ ಅವಳಿಗೆ ಒಂದು ಗುಡ್ಡೆ ಉಳಿಯುತ್ತಿತ್ತು. ಅವಳು ಅಗಿದದ್ದು ಉಂಡೆಯಾಗಿ ಬಾಯಿಂದ ಬೀಳುತ್ತಿತ್ತು. ಹಲ್ಲು ಸವೆದಿದೆ ಎಂದು ಡಾಕ್ಟರು ಹೇಳಿದ್ದರಿಂದ ಅವಳದ್ದನ್ನು ಸಣ್ಣಗೆ ಕತ್ತರಿಸಿ ಬಿಸಿನೀರಿನಲ್ಲಿ ನೆನೆಸಿದೆ. ಬಿಸಿನೀರು ಕಾಯಿಸುವುದು ಟ್ಯಾಂಕರಿನವನ ಪಾಲು. "ನನ್ನ ಹೆಂಡತಿ ಬಾಣಂತಿಯಾಗಿದ್ದಾಗಲೂ ನಾನು ಇಷ್ಟು ನೀರು ಕಾಯಿಸಿಲ್ಲ ಅಣ್ಣ" ಎನ್ನುತ್ತಿದ್ದ. ಅವನೂ ಗೇಟಿನಿಂದ ಒಳಗೆ ಬಂದಿದ್ದ ಆಗಲೇ, ಬಕೆಟ್ಟನ್ನು ಗುರಾಣಿಯ ಹಾಗೆ ಮುಂದೆ ಹಿಡಿದುಕೊಂಡು.

ಮತ್ತೆ ದಿನವೂ ಕೈ. ಮೊದಲು ಬೆರಳು ಗುಂಡಿಯಲ್ಲಿ ಬೀಳುತ್ತಿತ್ತು. ಕೆಲವು ದಿನ ಏನೂ ವ್ಯತ್ಯಾಸ ಕಾಣಲಿಲ್ಲ, ಆಗ ಅನ್ನ ಸೇರುತ್ತಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬೆರಳು ಅಷ್ಟು ಆಳಕ್ಕೆ ಇಳಿಯಲಿಲ್ಲ. ನನ್ನದೇ ಭ್ರಮೆಯೆಂದು ಟ್ಯಾಂಕರಿನವನ ಕೈ ಹಿಡಿದು ಒತ್ತಿಸಿದೆ.

"ಎಂತ ಗೊತ್ತಾಗ್ತದೆ?"

"ಹೆದರಿಕೆ ಗೊತ್ತಾಗ್ತದೆ."

"ಕೆಳಗೆ ಎಂತ ಗೊತ್ತಾಗ್ತದೆ ಮಾರಾಯ?"

ಕಣ್ಣು ಮುಚ್ಚಿ ಒತ್ತಿದ. "ಒಂಚೂರು ಮೆತ್ತಗೆ ಉಂಟು ಅಣ್ಣ" ಎಂದ.

ಗಾಡಿ ಬಂದ ದಿನ ಕಂದು ಕುದುರೆಗೆ ಅದರ ಸದ್ದು ದೂರದಿಂದಲೇ ಗೊತ್ತಾಗಿ ಕೂಗಲು ಶುರುಮಾಡಿತು. ಮಗ ಇಳಿದ, ಮಾಮಾ ಇಳಿದರು. ಮಗನ ಕೈಯಲ್ಲಿ ಹಗ್ಗವಿತ್ತು. ಮಾಮಾ ಕೈ ಹಾಕಲಿಲ್ಲ, ಮಗನಿಗೆ ಹೇಳಿದರು. ಅವನು ಹಗ್ಗ ಭುಜಕ್ಕೆ ಹಾಕಿಕೊಂಡು ಕೂದಲೊಳಗೆ ಬೆರಳಾಡಿಸಿದ. ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ನಾನು ಅವನ ಮುಖ ನೋಡದೆ ಬೆರಳುಗಳನ್ನೇ ನೋಡುತ್ತಿದ್ದೆ. ನನ್ನ ಎದೆ ಮೊದಲ ಮಳೆಯ ಬೆಳಿಗ್ಗೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

"ಇನ್ನೂ ಸಿಗುತ್ತದೆ" ಎಂದ, ನನಗೂ ತಿಳಿಯಲೆಂದು ಹಿಂದಿಯಲ್ಲೇ.

"ಒತ್ತದೆ?" ಎಂದರು ಮಾಮಾ.

ಅವನು ಮತ್ತೆ ನೋಡಿದ. "ಒತ್ತಿದರೆ."

ತಾಯಿ ಮಗ ಅತ್ತ ಸರಿದು ಅರಬ್ಬಿಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರು. ನನ್ನ ಕಿವಿಗೆ ಬಿದ್ದದ್ದು ಖಲಾಸ್ ಎಂಬ ಒಂದೇ ಶಬ್ದ. ಯಾವುದು ಮುಗಿಯಿತೋ ತಿಳಿಯದೆ ನಿಂತೆ. ಮಗ ಹಗ್ಗವನ್ನು ಗಾಡಿಯೊಳಗೆ ಎಸೆದು ನನ್ನ ಹತ್ತಿರ ಬಂದ. ಹುಲ್ಲು ಎಷ್ಟು ದಿನಕ್ಕೆ ಉಂಟು ಎಂದು ಕೇಳಿದ. ಐದೈದು ಗುಡ್ಡೆ ಹಾಕಿ ಹಾಕಿ ಶೆಡ್ಡು ಅರ್ಧ ಖಾಲಿಯಾಗಿತ್ತು, ಹಾಗೇ ಹೇಳಿದೆ. ಅವನು ಬರಿಗಾಡಿ ತೆಗೆದುಕೊಂಡು ಹೋಗಿ ಮಧ್ಯಾಹ್ನದೊಳಗೆ ಅದರ ತುಂಬ ಹುಲ್ಲಿನ ಕಟ್ಟು ತಂದು ಇಳಿಸಿದ. ಬಿಳಿ ಅಜ್ಜಿಯನ್ನು ಒಯ್ಯಬೇಕಿದ್ದ ಗಾಡಿಯ ಬಾಗಿಲಲ್ಲಿ ಅವಳು ತಲೆ ತೂರಿಸಿ ಒಂದು ಕಟ್ಟಿನ ಮೂಲೆ ಕಿತ್ತು ತಿಂದಳು.

ಆ ವಾರ ಬಿನ್ ಒಮ್ರಾನಿಗೆ ಹೋದಾಗ ಹೆಂಡತಿಗೆ ಎಲ್ಲ ಹೇಳಿದೆ. ಅವಳು ದೇವರ ಗೂಡಿನ ಹತ್ತಿರ ಒಂದು ನಾಣ್ಯವನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ ಇಟ್ಟಳು. ಊರಿಗೆ ಹೋದಾಗ ದೈವಕ್ಕೆ ಒಪ್ಪಿಸುವ ತಪ್ಪುಕಾಣಿಕೆ. "ಬರೀ ಕಟ್ಟಿಟ್ಟರೆ ಆಗುವುದಿಲ್ಲ, ತಪ್ಪು ಯಾವುದೂಂತ ಬಾಯಿ ಬಿಟ್ಟು ಹೇಳ್ಬೇಕು" ಎಂದಳು. ಊರಿಗೆ ಯಾವಾಗ ಹೋಗುತ್ತೇನೋ. ಬಿಳಿ ಅಜ್ಜಿಯ ಎದುರು ಹೇಳಿದೆ, ಅವಳು ಕೇಳಲಿಲ್ಲ, ಅಗಿಯುತ್ತಿದ್ದಳು. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಈ ವರ್ಷವೂ ಮಳೆ ಬಂತು. ತಗ್ಗಿನಲ್ಲಿ ಹಸಿರಿನ ಛಾಯೆ ಕಂಡ ಬೆಳಿಗ್ಗೆ ನಾನು ಮತ್ತೆ ಮಗುವಿನ ಹಾಗೆ ಕುಣಿದು, ಕುಣಿಯುತ್ತಲೇ ಶೆಡ್ಡಿನ ಬೀಗ ತೆಗೆದೆ. ಅಂದು ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಹೆಂಡತಿ ಅಭ್ಯಾಸದ ಹಾಗೆ ನನ್ನ ಕೈ ಎಳೆದು ಮೂಸಿದಳು. ಮುಖ ಹಿಂದಕ್ಕೆ ತೆಗೆದಳು.

"ಎದ್ದು ಹೋಗಿ ಇನ್ನೊಮ್ಮೆ ತೊಳೆದುಕೊಂಡು ಬನ್ನಿ" ಎಂದಳು.